ಮುಳ್ಳಿನ ದಾರಿಗೆ ಎಂಥ ಸೈಕಲ್ ಟಯರ್? ಪಂಕ್ಚರ್ ತಡೆಯಬೇಕು, ಓಟವೂ ಹಗುರಾಗಿರಬೇಕು

ಗದಗ: ಬೆಟಗೇರಿಯ ನೇಕಾರರ ಓಣಿಗಳಿಂದ ಗದುಗಿನ ಪೇಟೆಗೆ, ಶಿರಹಟ್ಟಿಯ ಸುತ್ತಲಿನ ಹಳ್ಳಿಗಳಿಂದ ಲಕ್ಷ್ಮೇಶ್ವರದ ಶಾಲೆ-ಕಾಲೇಜುಗಳಿಗೆ, ಮುಂಡರಗಿ ತಾಲ್ಲೂಕಿನ ಊರುಗಳಿಂದ ಬಸ್ ನಿಲ್ಲುವ ಕ್ರಾಸುಗಳಿಗೆ ಸೈಕಲ್ ತುಳಿದು ಹೋಗಿಬರುವವರಿಗೆ ಪಂಕ್ಚರ್ ಎಂಬುದು ಕೇವಲ ಕೆಲವು ರೂಪಾಯಿಗಳ ಖರ್ಚಲ್ಲ. ವಿದ್ಯಾರ್ಥಿಗೆ ಅದು ತಪ್ಪಿಹೋದ ಪಾಠ, ಕೂಲಿಕಾರನಿಗೆ ಕೈಬಿಟ್ಟುಹೋದ ಅರ್ಧ ದಿನದ ದುಡಿಮೆ. ಊರಿಗೂ ಊರಿಗೂ ನಡುವೆ ರಿಪೇರಿ ಅಂಗಡಿಯಿಲ್ಲದ ದಾರಿಯಲ್ಲಿ ಬಿಸಿಲಿನಲ್ಲಿ ಸೈಕಲ್ ನೂಕಿಕೊಂಡು ನಡೆಯುವ ಕಷ್ಟ ಬೇರೆ. ರಾಜ್ಯದಲ್ಲಿ 2006-07ರಲ್ಲಿ ಆರಂಭವಾದ ಶಾಲಾ ಮಕ್ಕಳ ಉಚಿತ ಸೈಕಲ್ ಯೋಜನೆಯಲ್ಲಿ ದೊರೆತ ಎಷ್ಟೋ ಸೈಕಲ್ಲುಗಳು ಮೂಲೆ ಸೇರುವುದಕ್ಕೂ ಮೇಲಿಂದ ಮೇಲೆ ಆಗುವ ಪಂಕ್ಚರ್ ಒಂದು ಕಾರಣ.

ಇದಕ್ಕೆ ಸಿಗುವ ಸುಲಭದ ಸಲಹೆ ‘ದಪ್ಪ ಟಯರ್ ಹಾಕಿಸಿ’ ಎಂಬುದು. ಆದರೆ ಎಲ್ಲ ಕಡೆಯೂ ದಪ್ಪವಾದ ಟಯರ್ ಭಾರವಾಗಿರುತ್ತದೆ, ಬಿರುಸಾಗಿರುತ್ತದೆ, ತುಳಿಯುವವನ ಕಾಲನ್ನು ದಣಿಸುತ್ತದೆ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿ ಎದುರಾದಾಗ ಆ ಭಾರದ ಅರಿವು ಚೆನ್ನಾಗಿಯೇ ಆಗುತ್ತದೆ. ಈ ಹಿನ್ನೆಲೆಯಲ್ಲಿ ಯಾವ ಟಯರ್ ಮುಳ್ಳನ್ನೂ ತಡೆದು ಓಟವನ್ನೂ ಉಳಿಸಿಕೊಡುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಚುಚ್ಚುವುದು ಏನು?

ಟಯರ್ ಕೊಳ್ಳುವ ಮುನ್ನ ತಿಳಿಯಬೇಕಾದ ಮೊದಲ ಸಂಗತಿ ಇದು. ಎಲ್ಲ ಪಂಕ್ಚರ್‌ಗಳೂ ಒಂದೇ ಬಗೆಯವಲ್ಲ. ಒಂದನ್ನು ತಡೆಯುವ ಟಯರ್ ಮತ್ತೊಂದನ್ನು ತಡೆಯಲಾರದು.

ಈ ಭಾಗದ ಮುಖ್ಯ ಶತ್ರು ನೆಗ್ಗಿಲು ಮುಳ್ಳು. ಮಳೆಗಾಲದಲ್ಲಿ ರಸ್ತೆಯ ಅಂಚಿನಲ್ಲಿ ನೆಲಕ್ಕೆ ಹಬ್ಬಿ ಹಳದಿ ಹೂ ಬಿಡುವ ಈ ಸಣ್ಣ ಬಳ್ಳಿಯ ಕಾಯಿ ಒಣಗಿದಾಗ 5 ಹೋಳುಗಳಾಗಿ ಒಡೆಯುತ್ತದೆ. ಪ್ರತಿ ಹೋಳಿಗೂ ಗಟ್ಟಿಯಾದ ಮುಳ್ಳುಗಳಿರುತ್ತವೆ. ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಮುಳ್ಳಿನ ಉದ್ದ ಸುಮಾರು ಅರ್ಧ ಸೆಂಟಿಮೀಟರ್ ಮಾತ್ರ. ಆದರೆ ಸವೆದ ಸಾದಾ ಟಯರನ್ನು ದಾಟಿ ಟ್ಯೂಬ್ ಮುಟ್ಟಲು ಅಷ್ಟೇ ಸಾಕು. ಇದೇ ಗಿಡ ಅಮೆರಿಕದ ಪಶ್ಚಿಮ ರಾಜ್ಯಗಳಿಗೂ ಹಬ್ಬಿ ಅಲ್ಲಿನ ಸೈಕಲ್ ಸವಾರರನ್ನು ಕಾಡುತ್ತಿದೆ. ಐಡಹೊ ರಾಜ್ಯದ ಬಾಯ್ಸಿ ನಗರದಲ್ಲಿ ಈ ಮುಳ್ಳಿನ ಹೆಸರಿನಲ್ಲೇ 2018ರಿಂದ ಸೈಕಲ್ ಉತ್ಸವ ಆರಂಭವಾಗಿದ್ದು, ಜನರೇ ಮುಂದಾಗಿ ಗಿಡಗಳನ್ನು ಕಿತ್ತುಹಾಕುವುದು ಅದರ ಒಂದು ಭಾಗ.

ಎರಡನೆಯದು ಜಾಲಿ. ಕರಿಜಾಲಿ ಮತ್ತು ಬಳ್ಳಾರಿ ಜಾಲಿಯ ಮುಳ್ಳುಗಳು ಹಲವು ಸೆಂಟಿಮೀಟರ್ ಉದ್ದವಿರುತ್ತವೆ. ಹೊಲದ ಬೇಲಿಗೆ ಮುಳ್ಳುಕಂಟಿ ಸಾಗಿಸುವಾಗ, ರಸ್ತೆ ಬದಿಯ ಗಿಡ ಕಡಿಯುವಾಗ ಉದುರಿದ ಮುಳ್ಳು ದಾರಿಯಲ್ಲೇ ಉಳಿಯುತ್ತದೆ. ನೇರವಾಗಿ ನಿಂತ ಉದ್ದನೆಯ ಜಾಲಿಮುಳ್ಳನ್ನು ಖಾತರಿಯಾಗಿ ತಡೆಯಬಲ್ಲ ಗಾಳಿ ತುಂಬುವ ಟಯರ್ ಇಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳಿತು.

ಮೂರನೆಯದು ಲೋಹ. ಎತ್ತಿನ ಲಾಳದಿಂದ ಕಳಚಿದ ಮೊಳೆ ಹಳೆಯ ಕಾಲದಿಂದಲೂ ಇದೆ. ಹೆದ್ದಾರಿಯಲ್ಲಿ ಲಾರಿ ಟಯರುಗಳು ಹರಿದಾಗ ಉದುರುವ ಕೂದಲೆಳೆಯಂಥ ಉಕ್ಕಿನ ತಂತಿ ಹೊಸ ಕಾಲದ ಕೊಡುಗೆ. ಹುಬ್ಬಳ್ಳಿ-ಗದಗ-ಕೊಪ್ಪಳ ಮಾರ್ಗದಂಥ ಲಾರಿ ಸಂಚಾರ ಹೆಚ್ಚಿರುವ ರಸ್ತೆಯ ಅಂಚಿನಲ್ಲಿ ಸಾಗುವವರು ಇದನ್ನು ಮರೆಯುವಂತಿಲ್ಲ. ಸುಗ್ಗಿಯಲ್ಲಿ ಒಕ್ಕಣೆಗಾಗಿ ರಸ್ತೆಯ ಮೇಲೆ ಹರಡಿದ ರಾಶಿಯಲ್ಲಿ ಅಡಗಿದ ಕಡ್ಡಿ, ಮುಳ್ಳುಗಳೂ ಇದಕ್ಕೆ ಸೇರುತ್ತವೆ.

ನಾಲ್ಕನೆಯದಕ್ಕೆ ಹೊರಗಿನ ವಸ್ತುವೇ ಬೇಕಿಲ್ಲ. ಗಾಳಿ ಕಡಿಮೆಯಿರುವ ಟಯರ್ ತಗ್ಗಿಗೆ ಬಿದ್ದಾಗ ಟ್ಯೂಬ್ ರಿಮ್ಮಿನ ಅಂಚಿಗೆ ಸಿಕ್ಕು ಹಾವು ಕಚ್ಚಿದಂತೆ ಎರಡು ರಂಧ್ರಗಳಾಗುತ್ತವೆ. ಇದಕ್ಕೆ ಎಷ್ಟೇ ದುಬಾರಿ ಟಯರೂ ಮದ್ದಲ್ಲ.

ರಂಧ್ರವೇ ಹೇಳುವ ಕಥೆ

ಪಂಕ್ಚರ್ ಹಾಕಿಸುವಾಗ ರಂಧ್ರ ಎಲ್ಲಿದೆ ಎಂದು ಒಮ್ಮೆ ನೋಡಿದರೆ ಕಾರಣ ತಿಳಿಯುತ್ತದೆ.

* ಟ್ಯೂಬಿನ ಹೊರಮೈಯಲ್ಲಿ ಒಂದೇ ಸಣ್ಣ ರಂಧ್ರ: ಮುಳ್ಳು ಅಥವಾ ತಂತಿ. ರಕ್ಷಣಾ ಪದರವಿರುವ ಟಯರ್ ಇಲ್ಲಿ ಉಪಯೋಗಕ್ಕೆ ಬರುತ್ತದೆ.
* ಅಕ್ಕಪಕ್ಕ ಎರಡು ರಂಧ್ರ: ಗಾಳಿ ಕಡಿಮೆ. ಬೇಕಾದದ್ದು ಪಂಪು, ಟಯರಲ್ಲ.
* ರಿಮ್ಮಿನ ಕಡೆ ಒಳಮೈಯಲ್ಲಿ ರಂಧ್ರ: ಕಡ್ಡಿಯ ತುದಿ ಚುಚ್ಚಿದೆ, ರಿಮ್ ಪಟ್ಟಿ ಬದಲಿಸಬೇಕು.
* ವಾಲ್ವಿನ ಬುಡದಲ್ಲಿ ಹರಿದಿದ್ದರೆ: ಗಾಳಿ ಕಡಿಮೆಯಾಗಿ ಟ್ಯೂಬ್ ಜಾರಿದೆ.
* ರಂಧ್ರವೇ ಇಲ್ಲದೆ ಗಾಳಿ ಇಳಿಯುತ್ತಿದ್ದರೆ: ವಾಲ್ವಿನ ರಬ್ಬರ್ ನಳಿಕೆ ಹಳತಾಗಿದೆ. ವಾಲ್ವಿನ ಬಾಯಿಗೆ ಹನಿ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ.

ಮೊದಲ ಬಗೆಯ ಪಂಕ್ಚರ್ ಮತ್ತೆ ಮತ್ತೆ ಆಗುತ್ತಿದ್ದರೆ ಮಾತ್ರ ಹೊಸ ಟಯರಿಗೆ ಹಣ ಹಾಕುವುದರಲ್ಲಿ ಅರ್ಥವಿದೆ. ಅದಕ್ಕೂ ಮುನ್ನ ಟಯರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಒರೆಸಿ ನೋಡಬೇಕು. ಮುರಿದ ಜಾಲಿಮುಳ್ಳಿನ ತುದಿ ರಬ್ಬರಿನಲ್ಲೇ ಉಳಿದುಕೊಂಡರೆ ಹೊಸ ಟ್ಯೂಬ್ ಹಾಕಿದ ಮರುದಿನವೇ ಅದನ್ನೂ ಚುಚ್ಚುತ್ತದೆ. ‘ಪಂಕ್ಚರ್ ನಿಲ್ಲುತ್ತಲೇ ಇಲ್ಲ’ ಎಂಬ ದೂರಿನ ಹಿಂದೆ ಹಲವು ಸಲ ಒಂದೇ ಮುಳ್ಳು ಇರುತ್ತದೆ.

ರಕ್ಷಣಾ ಪದರದ ಬಗೆಗಳು

ಸೈಕಲ್ ಟಯರಿನಲ್ಲಿ ಮೂರು ಭಾಗಗಳಿವೆ: ರಿಮ್ಮನ್ನು ಹಿಡಿಯುವ ತಂತಿಯ ಅಂಚು, ನೂಲು ಹೆಣೆದ ಒಡಲು, ನೆಲ ಮುಟ್ಟುವ ರಬ್ಬರ್. ಪಂಕ್ಚರ್ ತಡೆಯುವ ಟಯರುಗಳಲ್ಲಿ ಒಡಲಿಗೂ ಹೊರ ರಬ್ಬರಿಗೂ ನಡುವೆ ನಾಲ್ಕನೆಯ ಪದರವೊಂದಿರುತ್ತದೆ. ಅದು ಯಾವುದರಿಂದ ಆಗಿದೆ ಎಂಬುದೇ ಮುಖ್ಯ ಪ್ರಶ್ನೆ.

ಬಿಗಿಯಾಗಿ ನೇಯ್ದ ನೈಲಾನ್ ಪದರ ಅಗ್ಗ, ಹಗುರ. ಗಾಜಿನ ಚೂರು, ಚೂಪುಗಲ್ಲುಗಳನ್ನು ಸಾಧಾರಣ ಮಟ್ಟಿಗೆ ತಡೆಯುತ್ತದೆ. ಕೆವ್ಲಾರ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಅರಾಮಿಡ್ ನೂಲು 1965ರಲ್ಲಿ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಅವರ ಸಂಶೋಧನೆಯಿಂದ ಬಂದದ್ದು. ಗುಂಡು ನಿರೋಧಕ ಅಂಗಿಗಳಿಗೂ ಇದೇ ಬಳಕೆಯಾಗುತ್ತದೆ. ಆ ಹೆಸರಿನ ಆಕರ್ಷಣೆಗೆ ಮರುಳಾಗುವವರು ಒಂದು ಮಾತು ನೆನಪಿಡಬೇಕು. ಅರಾಮಿಡ್ ಬಟ್ಟೆ ಕತ್ತರಿಸುವ ವಸ್ತುಗಳನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಸೂಜಿಯಂಥ ಮುಳ್ಳು ಎಳೆಗಳನ್ನು ಕತ್ತರಿಸುವುದಿಲ್ಲ, ಎಳೆಗಳ ನಡುವೆ ನುಸುಳುತ್ತದೆ. ಗಾಜಿನ ಚೂರು ಹೆಚ್ಚಿರುವ ಬೆಂಗಳೂರಿನ ರಸ್ತೆಗೆ ಒಪ್ಪುವ ಟಯರ್ ನೆಗ್ಗಿಲು ಮುಳ್ಳಿನ ದಾರಿಗೆ ಒಪ್ಪಬೇಕೆಂದಿಲ್ಲ.

ಮುಳ್ಳಿಗೆ ನಿಜವಾದ ಉತ್ತರ ದೂರ. ಅಂದರೆ ಮುಳ್ಳಿನ ತುದಿಗೂ ಟ್ಯೂಬಿಗೂ ನಡುವೆ ಮುಳ್ಳಿನ ಉದ್ದಕ್ಕಿಂತ ಹೆಚ್ಚು ರಬ್ಬರ್ ಇರಬೇಕು. ಮಣಿಯುವ ಮೆತ್ತನೆಯ ರಬ್ಬರಿನ ದಪ್ಪ ಪಟ್ಟಿಯನ್ನು ಹೊರ ರಬ್ಬರಿನ ಕೆಳಗೆ ಅಳವಡಿಸುವುದು ಈ ತತ್ವದ ಮೇಲೆ. ಜರ್ಮನಿಯ ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಟಯರಿನಲ್ಲಿ ಈ ಪಟ್ಟಿ 5 ಮಿ.ಮೀ. ದಪ್ಪವಿದೆ. ಅದರ ಮೇಲಿನ ಹೊರ ರಬ್ಬರನ್ನೂ ಸೇರಿಸಿದರೆ ನೆಗ್ಗಿಲು ಮುಳ್ಳು ಟ್ಯೂಬ್ ತಲುಪುವುದು ಕಷ್ಟ. ಆದರೆ 700 ಅಳತೆಯ ಇಂಥ ಒಂದು ಟಯರ್ ಸುಮಾರು 900 ಗ್ರಾಂ ತೂಗುತ್ತದೆ. ಬೆಲೆಯೂ ಲೂಧಿಯಾನದಲ್ಲಿ ತಯಾರಾಗುವ ಸಾದಾ ಟಯರಿನ ಹಲವು ಪಟ್ಟು. 2 ರಿಂದ 3 ಮಿ.ಮೀ. ಪಟ್ಟಿಯಿರುವ ಮಧ್ಯಮ ದರ್ಜೆಯ ಟಯರುಗಳು ತೂಕ, ಬೆಲೆ, ರಕ್ಷಣೆ ಮೂರರಲ್ಲೂ ನಡುವೆ ನಿಲ್ಲುತ್ತವೆ. ನಿತ್ಯ ಓಡಾಟದ ಬಹುಪಾಲು ಸವಾರರಿಗೆ ಇವೇ ಸರಿ.

ಓಟದ ಲೆಕ್ಕ

ಟಯರ್ ಉರುಳುವಾಗ ನೆಲ ಮುಟ್ಟಿದ ಭಾಗ ಚಪ್ಪಟೆಯಾಗಿ ಮತ್ತೆ ಮೊದಲಿನಂತಾಗುತ್ತದೆ. ಹೀಗೆ ಪ್ರತಿ ಸುತ್ತಿನಲ್ಲೂ ರಬ್ಬರ್ ಮಡಿಚುವುದಕ್ಕೆ ಶಕ್ತಿ ಖರ್ಚಾಗಿ ಶಾಖವಾಗಿ ಹೋಗುತ್ತದೆ. ಒಡಲು ಬಿರುಸಾದಷ್ಟೂ ಈ ನಷ್ಟ ಹೆಚ್ಚು. ಟಯರಿನ ತೂಕಕ್ಕಿಂತಲೂ ಕಾಲಿಗೆ ಭಾರವೆನಿಸುವುದು ಇದೇ.

ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ಇದ್ದು, ಗಂಟೆಗೆ 15 ಕಿ.ಮೀ. ವೇಗದಲ್ಲಿ ಸಾಗುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಉರುಳು ನಿರೋಧದ ಗುಣಾಂಕ 0.005 ಇರುವ ಸಲೀಸು ಟಯರುಗಳು ಸುಮಾರು 17 ವ್ಯಾಟ್ ಬೇಡುತ್ತವೆ. ಗುಣಾಂಕ 0.010 ಇರುವ ಬಿರುಸು ಟಯರುಗಳು 35 ವ್ಯಾಟ್ ಬೇಡುತ್ತವೆ. ಸಾಮಾನ್ಯ ಸವಾರ ದಣಿಯದೆ ಕೊಡಬಲ್ಲ ಶಕ್ತಿಯೇ 75 ರಿಂದ 100 ವ್ಯಾಟ್ ಆಗಿರುವಾಗ ಈ ಅಂತರ ಅದರ ಐದನೇ ಒಂದು ಭಾಗದಷ್ಟು. ಎರಡು ಕಿ.ಮೀ. ದೂರದ ಪೇಟೆಗೆ ಹೋಗುವವರಿಗೆ ಇದು ಲೆಕ್ಕಕ್ಕೆ ಬಾರದಿರಬಹುದು. ಶಿರಹಟ್ಟಿಯಿಂದ ಲಕ್ಷ್ಮೇಶ್ವರಕ್ಕೆ ನಿತ್ಯ ಹೋಗಿಬರುವವರಿಗೆ ಲೆಕ್ಕಕ್ಕೆ ಬರುತ್ತದೆ.

ಆದ್ದರಿಂದ ಹುಡುಕಬೇಕಾದದ್ದು ನೆಲ ಮುಟ್ಟುವ ನಡುಭಾಗದಲ್ಲಿ ಮಾತ್ರ ದಪ್ಪವಾಗಿದ್ದು, ಎರಡೂ ಪಕ್ಕಗಳಲ್ಲಿ ತೆಳುವಾಗಿ ಮಣಿಯುವ ಟಯರ್. ಅಂಗಡಿಯಲ್ಲಿ ಟಯರಿನ ಪಕ್ಕವನ್ನು ಬೆರಳುಗಳಿಂದ ಹಿಂಡಿ ನೋಡಬೇಕು. ಸುಲಭವಾಗಿ ಮಡಿಚಿದರೆ ಓಟ ಹಗುರ. ನಡುಭಾಗವನ್ನು ಒತ್ತಿ ನೋಡಬೇಕು. ಅಲ್ಲಿ ದಪ್ಪ ತಿಳಿಯಬೇಕು. ಡಾಂಬರು ರಸ್ತೆಯಲ್ಲಿ ದೊಡ್ಡ ಗುಬ್ಬಿಗಳಿರುವ ಟಯರಿನಿಂದ ಲಾಭವಿಲ್ಲ. ಗುಬ್ಬಿಗಳ ನಡುವಿನ ತಗ್ಗಿನಲ್ಲಿ ರಬ್ಬರ್ ತೆಳುವಾಗಿದ್ದು ಮುಳ್ಳು ಅಲ್ಲಿಯೇ ಇಳಿಯುತ್ತದೆ. ನಡುವೆ ಬಿಡುವಿಲ್ಲದ ಪಟ್ಟಿಯಿರುವ ವಿನ್ಯಾಸ ಉತ್ತಮ.

ಅಳತೆ ತಪ್ಪದಿರಲಿ

‘ಇಪ್ಪತ್ತಾರರ ಟಯರ್ ಕೊಡಿ’ ಎಂದು ಕೇಳಿದರೆ ತಪ್ಪು ಟಯರ್ ಕೈಸೇರುವ ಸಂಭವವೇ ಹೆಚ್ಚು. ಏಕೆಂದರೆ 26 ಎಂದು ಬರೆದ ಟಯರುಗಳೆಲ್ಲ ಒಂದೇ ಅಳತೆಯವಲ್ಲ. ಪಕ್ಕದಲ್ಲಿ ಅಚ್ಚಾಗಿರುವ ಜೋಡಿ ಸಂಖ್ಯೆಯನ್ನು ನೋಡಬೇಕು. ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ಮೇಲೆ ಕೂರುವ ಅಂಚಿನ ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ.

ಹಿರಿಯರು ಬಳಸುವ ಕರಿಯ ದೊಡ್ಡ ಸೈಕಲ್ಲಿನ 28×1½ ಟಯರ್ 40-635. ವಿದ್ಯಾರ್ಥಿನಿಯರ ಸೈಕಲ್ಲುಗಳಲ್ಲಿ ಸಾಮಾನ್ಯವಾದ 26×1⅜ ಟಯರ್ 37-590. ಗೇರ್ ಸೈಕಲ್ಲುಗಳ 26×1.95 ಟಯರಿನ ವ್ಯಾಸ 559. ಹೊಸ ಬಗೆಯ ಹೈಬ್ರಿಡ್ ಸೈಕಲ್ಲುಗಳ 700 ಟಯರಿನದು 622. 590 ಮತ್ತು 559 ಎರಡನ್ನೂ ‘26’ ಎಂದೇ ಕರೆದರೂ ಒಂದು ಇನ್ನೊಂದರ ರಿಮ್ಮಿಗೆ ಕೂರದು. ಪಂಕ್ಚರ್ ನಿರೋಧಕ ಟಯರುಗಳ ಆಯ್ಕೆ 559 ಮತ್ತು 622 ಅಳತೆಗಳಲ್ಲಿ ವಿಪುಲವಾಗಿದೆ, 635 ಮತ್ತು 590 ಅಳತೆಗಳಲ್ಲಿ ಕಡಿಮೆ. ಈ ಅಳತೆಯವರು ಭಾರತೀಯ ಮಾನಕ ಐಎಸ್ 2414ರ ಗುರುತಿರುವ, ನೈಲಾನ್ ಒಡಲಿನ, ನಡುಪಟ್ಟಿ ದಪ್ಪವಿರುವ ದೇಶೀ ಟಯರನ್ನು ಆರಿಸಿ, ಸವೆಯುವ ಮುನ್ನವೇ ಬದಲಿಸುವುದು ಕಡಿಮೆ ಖರ್ಚಿನ ದಾರಿ.

ಅಗಲದ ವಿಷಯದಲ್ಲಿ 35 ರಿಂದ 42 ಮಿ.ಮೀ. ನಿತ್ಯದ ಓಡಾಟಕ್ಕೆ ಹೊಂದುತ್ತದೆ. ಇದಕ್ಕಿಂತ ಸಣ್ಣ ಟಯರಿಗೆ ಹೆಚ್ಚು ಗಾಳಿ ಬೇಕಾಗಿ ಗುಂಡಿಗಳು ಬೆನ್ನಿಗೆ ಬಡಿಯುತ್ತವೆ. ಎರೆಭೂಮಿಯ ಹಾದಿಯಲ್ಲಿ ಓಡಾಡುವವರು ಮಡ್ಗಾರ್ಡಿಗೂ ಟಯರಿಗೂ ನಡುವೆ ಒಂದು ಬೆರಳಾದರೂ ಜಾಗ ಉಳಿಯುವಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಮೊದಲ ಮಳೆಗೇ ಜಿಗುಟು ಮಣ್ಣು ತುಂಬಿ ಚಕ್ರ ತಿರುಗದಂತಾಗುತ್ತದೆ.

ಗಾಳಿಯೇ ಅರ್ಧ ರಕ್ಷಣೆ

ಟಯರಿನ ಪಕ್ಕದಲ್ಲಿ ಕನಿಷ್ಠ ಮತ್ತು ಗರಿಷ್ಠ ಒತ್ತಡ ಅಚ್ಚಾಗಿರುತ್ತದೆ. ಆ ಮಿತಿಯೊಳಗೆ, 40 ಮಿ.ಮೀ. ಟಯರಿಗೆ 60-65 ಕಿಲೋ ತೂಕದ ಸವಾರ ಹಿಂದಿನ ಚಕ್ರಕ್ಕೆ 50 ಪಿಎಸ್‌ಐ, ಮುಂದಿನದಕ್ಕೆ ನಾಲ್ಕೈದು ಕಡಿಮೆ ಇಟ್ಟು ಆರಂಭಿಸಬಹುದು. ಹಾಲಿನ ಕ್ಯಾನು, ಚೀಲ ಹೇರುವವರು ಹಿಂದಿನ ಚಕ್ರಕ್ಕೆ ಇನ್ನಷ್ಟು ಹೆಚ್ಚಿಸಬೇಕು. ಕಲ್ಲಿನಂತೆ ಗಟ್ಟಿಯಾಗುವಷ್ಟು ತುಂಬಿಸುವುದೂ ತಪ್ಪು: ಟಯರ್ ಪುಟಿಯುತ್ತದೆ, ಗರಸು ರಸ್ತೆಯಲ್ಲಿ ಹಿಡಿತ ತಪ್ಪುತ್ತದೆ.

ಬೇಸಿಗೆಯ ಭಯ ಅತಿಯಾದದ್ದು. ಬೆಳಿಗ್ಗೆ 25 ಡಿಗ್ರಿಯಲ್ಲಿ 50 ಪಿಎಸ್‌ಐ ತುಂಬಿದ ಟಯರ್ ಮಧ್ಯಾಹ್ನ 45 ಡಿಗ್ರಿಗೆ ಕಾದರೆ ಒತ್ತಡ ಹೆಚ್ಚುವುದು ನಾಲ್ಕೈದು ಪಿಎಸ್‌ಐ ಮಾತ್ರ. ಸುಸ್ಥಿತಿಯ ಟಯರನ್ನು ಇದು ಒಡೆಯದು. ಬಿಸಿಲಿನ ನಿಜವಾದ ಹಾನಿ ಬೇರೆ: ನಿತ್ಯ ಬಿಸಿಲಿಗೆ ನಿಂತ ಸೈಕಲ್ಲಿನ ಟಯರುಗಳ ಪಕ್ಕ ಬಿರುಕು ಬಿಡುತ್ತದೆ. ನೆರಳಿನಲ್ಲಿ ನಿಲ್ಲಿಸುವ ಅಭ್ಯಾಸ ಟಯರಿನ ಆಯುಸ್ಸನ್ನು ಹೆಚ್ಚಿಸುತ್ತದೆ.

ಟ್ಯೂಬಿನ ಗಾಳಿ ತಾನಾಗಿಯೇ ನಿಧಾನವಾಗಿ ಇಳಿಯುತ್ತದೆ. ವಾರಕ್ಕೊಮ್ಮೆ ತುಂಬಿಸಲೇಬೇಕು. ಹೆಬ್ಬೆರಳಿನಿಂದ ಒತ್ತಿ ನೋಡುವ ಪದ್ಧತಿ ನಂಬಿಕೆಗೆ ಅರ್ಹವಲ್ಲ. ನಮ್ಮ ಸಾದಾ ಸೈಕಲ್ಲುಗಳ ಹಳೆಯ ಮಾದರಿಯ ವಾಲ್ವಿನಲ್ಲಿ ಮಾಪಕ ಸರಿಯಾದ ಅಂಕಿ ತೋರಿಸದು. ಹೊಸ ಟ್ಯೂಬ್ ಕೊಳ್ಳುವಾಗ ರಿಮ್ಮಿನ ರಂಧ್ರಕ್ಕೆ ಹೊಂದುವುದಾದರೆ ಬೈಕ್ ಮಾದರಿಯ ವಾಲ್ವಿನದನ್ನು ಆರಿಸಿದರೆ ಪೆಟ್ರೋಲ್ ಬಂಕಿನ ಮಾಪಕದಿಂದಲೇ ಅಳೆಯಬಹುದು.

ದ್ರಾವಣ, ಒಳಪಟ್ಟಿ, ಗಟ್ಟಿ ಟಯರ್

ಟ್ಯೂಬಿನೊಳಗೆ ತುಂಬುವ ಸೀಲಂಟ್ ದ್ರಾವಣ ನೆಗ್ಗಿಲು ಮುಳ್ಳು ಮಾಡುವಂಥ ಸಣ್ಣ ರಂಧ್ರಗಳನ್ನು ತಾನಾಗಿಯೇ ಮುಚ್ಚುತ್ತದೆ. ದೊಡ್ಡ ಸೀಳಿಗೆ, ಹಾವುಕಚ್ಚಿನ ಪಂಕ್ಚರಿಗೆ ಅದು ಆಗದು. ಈ ಭಾಗದ ಸೆಕೆಗೆ ಕೆಲವೇ ತಿಂಗಳಲ್ಲಿ ಒಣಗುವುದರಿಂದ ಮತ್ತೆ ಹಾಕಬೇಕಾಗುತ್ತದೆ. ಅದು ತಾಗಿದ ಟ್ಯೂಬಿಗೆ ತೇಪೆ ಅಂಟಿಸುವುದೂ ಕಷ್ಟ.

ಹಳೆಯ ಟಯರಿನ ಅಂಚು ಕತ್ತರಿಸಿ ಹೊಸ ಟಯರಿನೊಳಗೆ ಸೇರಿಸುವುದು ಅಂಗಡಿಗಳ ಹಳೆಯ ಉಪಾಯ. ಮುಳ್ಳನ್ನು ಅದು ತಡೆಯುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪಟ್ಟಿಯ ಕತ್ತರಿಸಿದ ಅಂಚು ಟ್ಯೂಬಿಗೆ ಉಜ್ಜಿ ಅದೇ ರಂಧ್ರ ಮಾಡುವುದುಂಟು, ಓಟವೂ ಭಾರವಾಗುತ್ತದೆ. ಅನಿವಾರ್ಯವಾದರೆ ಅಂಚುಗಳನ್ನು ಓರೆಯಾಗಿ ಸವರಿ, ಹಿಂದಿನ ಚಕ್ರಕ್ಕೆ ಮಾತ್ರ ಬಳಸಬೇಕು. ಗಾಳಿಯೇ ಬೇಡದ ಗಟ್ಟಿ ಟಯರುಗಳು ಪಂಕ್ಚರ್ ಆಗುವುದಿಲ್ಲ ನಿಜ. ಆದರೆ ಉರುಳುವುದು ಭಾರ, ಗುಂಡಿಯ ಪೆಟ್ಟು ನೇರ ಮೈಗೆ. ದೂರದ ಓಡಾಟಕ್ಕೆ ಅವು ಹೊಂದುವುದಿಲ್ಲ.

ಯಾರಿಗೆ ಯಾವುದು?

ಗದಗ-ಬೆಟಗೇರಿಯೊಳಗೆ ನಾಲ್ಕೈದು ಕಿ.ಮೀ. ಓಡಾಡುವವರಿಗೆ ರಿಪೇರಿ ಅಂಗಡಿ ಹತ್ತಿರದಲ್ಲೇ ಇರುತ್ತದೆ. ಸವೆಯದ ಸಾದಾ ಟಯರ್, ವಾರಕ್ಕೊಮ್ಮೆ ಗಾಳಿ ಸಾಕು. ಹೆಚ್ಚಿನ ಖರ್ಚು ಬೇಕಿಲ್ಲ.

ಲಕ್ಷ್ಮೇಶ್ವರ-ಶಿರಹಟ್ಟಿ ನಡುವಿನಂಥ ಡಾಂಬರು ರಸ್ತೆಯಲ್ಲಿ ನಿತ್ಯ 20 ಕಿ.ಮೀ. ಆಸುಪಾಸು ತುಳಿಯುವವರಿಗೆ 2-3 ಮಿ.ಮೀ. ರಕ್ಷಣಾ ಪಟ್ಟಿಯಿರುವ, ಪಕ್ಕ ಮಣಿಯುವ, 37-40 ಮಿ.ಮೀ. ಟಯರ್ ಸೂಕ್ತ. ಮುಳ್ಳು ಮತ್ತು ಓಟ ಎರಡನ್ನೂ ತೂಗಿಸಬೇಕಾದವರು ಇವರೇ.

ಮುಂಡರಗಿ ತಾಲ್ಲೂಕಿನ ಹೊಲದ ಹಾದಿಗಳಲ್ಲಿ, 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದ ಸೆರಗಿನ ಕುರುಚಲು ದಾರಿಗಳಲ್ಲಿ ಸಾಗುವವರು ಓಟವನ್ನು ಸ್ವಲ್ಪ ಬಿಟ್ಟುಕೊಟ್ಟು 5 ಮಿ.ಮೀ. ಪಟ್ಟಿಯ ಟಯರನ್ನೋ, ಮಧ್ಯಮ ಟಯರಿನೊಂದಿಗೆ ಸೀಲಂಟನ್ನೋ ಆರಿಸಬಹುದು. ಎರಡೂ ಚಕ್ರಕ್ಕೆ ಹಣ ಸಾಲದಿದ್ದರೆ ರಕ್ಷಣೆಯ ಟಯರ್ ಹಿಂದಕ್ಕೆ ಇರಲಿ. ಸವಾರನ ಭಾರದ ಹೆಚ್ಚು ಪಾಲು ಅಲ್ಲೇ ಬೀಳುವುದರಿಂದ ಪಂಕ್ಚರೂ ಅಲ್ಲೇ ಹೆಚ್ಚು. ಹಾಗೆಂದು ಸವೆದ ಟಯರನ್ನು ಮುಂದಕ್ಕೆ ಹಾಕಬಾರದು. ಮುಂದಿನ ಚಕ್ರ ಜಾರಿದರೆ ಬೀಳುವುದು ಖಚಿತ.

ಯಾವುದೇ ಟಯರ್ ಇರಲಿ, ಹೊರಡುವ ಮುನ್ನ ಚಕ್ರವನ್ನು ಒಂದು ಸುತ್ತು ತಿರುಗಿಸಿ ನೋಡುವುದಕ್ಕೆ ಒಂದು ನಿಮಿಷವೂ ಬೇಡ. ನೆಗ್ಗಿಲು ಮುಳ್ಳು ಸಾಮಾನ್ಯವಾಗಿ ಒಮ್ಮೆಗೇ ಒಳಗಿಳಿಯುವುದಿಲ್ಲ. ರಬ್ಬರಿಗೆ ಕಚ್ಚಿಕೊಂಡು ಸುತ್ತು ಸುತ್ತಿಗೂ ಒಳಸರಿಯುತ್ತದೆ. ಅಷ್ಟರೊಳಗೆ ಕಿತ್ತೆಸೆದರೆ ಆ ದಿನದ ಶಾಲೆಯೂ ಕೂಲಿಯೂ ಉಳಿಯುತ್ತವೆ. ಸುಗ್ಗಿಯಿಂದ ಬೇಸಿಗೆಯವರೆಗೆ ಒಣಮುಳ್ಳು ಹೆಚ್ಚಿರುವ ತಿಂಗಳುಗಳಲ್ಲಿ ಈ ಅಭ್ಯಾಸ ತಪ್ಪದಿರಲಿ.